ಉಳ್ಳಾಗಡ್ಡಿ ಸಿಪ್ಪೆ ಕಲಿಸಿದ ಪಂಚಮ

ಶ್ರಾವಣದ ಮೊದಲ ಸೋಮವಾರ ನಾಗನೂರಿನ ಮಠದಲ್ಲಿ, ತುಂಬಿದ ಭಜನೆಯ ನಡುವೆ, ನನ್ನ ಪಿಟೀಲನ್ನು ಕೆಳಗೆ ಇಡಿಸಿದರು.

ಇಡಿಸಿದವರು ನಮ್ಮ ಭಜನಿ ಮೇಳದ ಹಿರಿಯ ಹಾಡುಗಾರ ಬಾಳಪ್ಪ ಕಾಕಾ. ಸಿಟ್ಟಿಲ್ಲ, ಸೆಡವಿಲ್ಲ. “ಮಾಸ್ತರ, ನಾ ಒಂದು ಹಾಡಾಕತ್ತೇನಿ, ನಿಮ್ಮ ಪಿಟೀಲು ಇನ್ನೊಂದು ಹಾಡಾಕತ್ತೈತಿ. ಇವತ್ತ ತಾಳಾ ಬಾರಸ್ರಿ” ಎಂದು ಒಂದು ಜೋಡಿ ತಾಳ ಕೈಗಿತ್ತರು. ಎದುರಿಗೆ ನನ್ನ ಸಾಲೆಯ ಹುಡುಗರೂ ಕೂತಿದ್ದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ನಾನೇನು ಮೈಗಳ್ಳನೇ? ವರ್ಷವಿಡೀ ಮನೆಯಲ್ಲಿ ಒಬ್ಬನೇ ಪ್ರಾಕ್ಟೀಸು ಮಾಡಿದವನು. (ಕಲಿಸುವವರು ನಮ್ಮ ಗೋಕಾಕದಲ್ಲಿ ಸಿಗಲಿಲ್ಲ. ಸಿಕ್ಕ ಒಬ್ಬರು ನನಗೆ ಕಲಿಸಲು ಒಪ್ಪಲಿಲ್ಲ.)

ಪಿಟೀಲಿನಲ್ಲಿ ಸಿತಾರಿನ ಹಾಗೆ ಮೆಟ್ಟುಗಳಿಲ್ಲ. ಬೆರಳು ಎಲ್ಲಿಡಬೇಕು? ನಾನೊಂದು ಉಪಾಯ ಹೂಡಿದ್ದೆ. ಗೊಂಬೆ ಮಾಡುವ ಗೆಳೆಯ ಶಿವಲಿಂಗನಿಂದ, ತಂತಿಗಳ ಕೆಳಗಿನ ಪಟ್ಟಿಯ ಮೇಲೆ, ಸ್ವರಕ್ಕೊಂದು ಬಣ್ಣದ ಚುಕ್ಕೆ ಹಾಕಿಸಿಕೊಂಡಿದ್ದೆ. ಕಟ್ಟಿಗೆಯ ಮಾವಿನಹಣ್ಣಿಗೆ ಅವನು ಹಚ್ಚುವ ಹಳದಿಯೇ ನನ್ನ ಪಂಚಮ! ಕಣ್ಣು ಚುಕ್ಕೆಯ ಮೇಲೆ, ಬೆರಳು ಚುಕ್ಕೆಯ ಮೇಲೆ. ಕಿವಿಗೆ ರಜೆ.

ಮುಂದಿನ ರವಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಬಾರಿಸುತ್ತಿದ್ದೆ. ಬಾಜೂಕ್ಕೇ ನನ್ನ ಹೆಂಡತಿ ನೀಲವ್ವ ಉಳ್ಳಾಗಡ್ಡಿ ಸುಲಿಯುತ್ತಿದ್ದಳು. ಶ್ರಾವಣದ ಗಾಳಿಗೆ ಒಂದು ಸಿಪ್ಪೆ ಹಾರಿ ಬಂದು, ಬೆರಳಿಡದೆಯೇ ಪಂಚಮ ನುಡಿಯುವ ತಂತಿಯ ಮೇಲೆ ಕೂತಿತು. ನಾನು ಆಗ ಅದರ ಪಕ್ಕದ ತಂತಿಯ ಮೇಲೆ, ಹಳದಿ ಚುಕ್ಕೆಗೆ ಬೆರಳೊತ್ತಿ, ಅದೇ ಪಂಚಮ ಎಳೆಯುತ್ತಿದ್ದೆ. ಸಿಪ್ಪೆ ಅಲುಗಲಿಲ್ಲ. ಸಿಡುಕಿನಲ್ಲಿ ಬೆರಳು ತುಸು ಮುಂದೆ ಜಾರಿತು. ಸಿಪ್ಪೆ ಟಣ್ಣನೆ ಜಿಗಿದು ಕೆಳಗೆ ಬಿತ್ತು!

“ಅಯ್ಯ, ಅದು ಕುಣೀತಲ್ರಿ!” ಎಂದಳು ನೀಲವ್ವ.

ಮತ್ತೆ ಸಿಪ್ಪೆ ಇಟ್ಟೆವು. ಚುಕ್ಕೆಯ ಮೇಲೆ ಬೆರಳಿಟ್ಟರೆ ಸುಮ್ಮನೆ ಕೂಡುತ್ತದೆ. ಒಂದು ಜೋಳದ ಕಾಳಿನಷ್ಟು ಮುಂದೆ ಸರಿಸಿದರೆ ಕುಣಿಯುತ್ತದೆ. ಎರಡೂ ಸ್ವರ ಒಂದಾದಾಗ ಮುಟ್ಟದ ತಂತಿಯೂ ತಾನೇ ನಡುಗುತ್ತಿತ್ತು. ಆಗ ನೆನಪಾಯಿತು: ಹೋದ ತಿಂಗಳು ಹರಿದ ತಂತಿ ಬದಲಿಸುವಾಗ, ತಂತಿಗಳನ್ನು ಹೊರುವ ಕುದುರೆ ಜರುಗಿತ್ತು. ಚುಕ್ಕೆಗಳು ಮಾತ್ರ ಇದ್ದಲ್ಲೇ ಇದ್ದವು. ಒಂದು ತಿಂಗಳು ನಾನು ಅಪಸ್ವರವನ್ನು ಶ್ರದ್ಧೆಯಿಂದ ಗಟ್ಟಿ ಮಾಡಿದ್ದೆ!

ಅಂದೇ ಚಾಕುವಿನಿಂದ ಚುಕ್ಕೆಗಳನ್ನೆಲ್ಲ ಕೆರೆದು ಹಾಕಿದೆ. ಶಿವಲಿಂಗ ಮುನಿಸಿಕೊಂಡ. “ನನ್ನ ಬಣ್ಣಕ್ಕ ಏನಾಗಿತ್ತೋ?” “ಬಣ್ಣ ಬರೋಬ್ಬರಿ ಇತ್ತಪ್ಪಾ, ನನ್ನ ಕಿವೀನ ಬರೋಬ್ಬರಿ ಇರಲಿಲ್ಲ” ಎಂದೆ.

ಆಮೇಲೆ ಕಣ್ಣು ಮುಚ್ಚಿ ಕೂತೆ. ಮೊದಲು ಬಾಯಲ್ಲಿ ಸ್ವರ ಹಾಡುವುದು, ಆಮೇಲೆ ಕಮಾನು ಎಳೆಯುವುದು. ಒಂದೊಂದೇ ಸ್ವರ, ಉದ್ದಕ್ಕೆ, ನಿಧಾನಕ್ಕೆ. ಅನುಮಾನ ಬಂದರೆ ಸಿಪ್ಪೆಯನ್ನು ಕೇಳುವುದು. ಎರಡು ವಾರ ಐದು ಸ್ವರ ದಾಟಲಿಲ್ಲ. (ಇಷ್ಟು ನಿಧಾನ ಕಲಿಯುವ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇನ್ನು ನಿಲ್ಲಿಸಲಾರೆ.)

ಶ್ರಾವಣದ ಕಡೇ ಸೋಮವಾರ. ತಾಳವನ್ನು ಚೀಲದಲ್ಲಿಟ್ಟು, ಪಿಟೀಲನ್ನು ಕೈಯಲ್ಲಿ ಹಿಡಿದು ನಾಗನೂರಿಗೆ ಹೋದೆ. “ಒಂದ ಪದಕ್ಕರೆ ಬಾರಸ್ತೇನ್ರಿ, ಕಾಕಾ” ಎಂದು ಕೇಳಿಕೊಂಡೆ. ಕಾಕಾ ಅರೆಮನಸ್ಸಿನಿಂದ ತಲೆಯಾಡಿಸಿದರು.

ಹಾಡು ಏರಿತು. ಕಾಕಾ ಪಂಚಮಕ್ಕೆ ಬಂದು ನಿಂತರು. ನಾನೂ ನಿಂತೆ. ಅವರ ದನಿ ಯಾವುದು, ನನ್ನ ತಂತಿ ಯಾವುದು, ನನಗೇ ತಿಳಿಯಲಿಲ್ಲ. ಕಾಕಾ ತಟ್ಟನೆ ಕಣ್ಣು ತೆರೆದು ನನ್ನತ್ತ ನೋಡಿದರು. ಆಮೇಲೆ ಬೇಕೆಂದೇ ಹಾಡು ನಿಲ್ಲಿಸಿದರು. ಇಡೀ ಮಠದಲ್ಲಿ ನನ್ನ ಪಂಚಮ ಒಂದೇ ಉಳಿಯಿತು, ಅಲುಗದೆ!

“ಮಾಸ್ತರ, ತಾಳಾ ಯಾರಿಗರೆ ಕೊಡ್ರಿ. ಇನ್ನ ನನ್ನ ಬಾಜೂಕ ಕುಂದರ್ರಿ.”

ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ. ಕಾಕಾ ಅಂದದ್ದನ್ನು ನೀಲವ್ವನಿಗೆ ಎರಡು ಸಲ ಹೇಳಿದೆ. ಅವಳು ಉಳ್ಳಾಗಡ್ಡಿ ಸುಲಿಯುತ್ತಲೇ ಕೇಳಿದಳು:

“ಮತ್ತ ಈ ಸಿಪ್ಪೀನ ಎಲ್ಲಿ ಕುಂದರಸ್ತಾರಂತ್ರಿ?”