ಹಿರೇವ್ವನ ರಕ್ತ

ಭರಮಪ್ಪನನ್ನು ಕಳ್ಳ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವನು ಮೋಸ ಮಾಡಿದ್ದು ನಿಜ. ಆದರೆ ಕಳ್ಳತನವೇ ಬೇರೆ, ಹೆದರಿಕೆಯೇ ಬೇರೆ.

2006ರಲ್ಲಿ ಕೆಂಗೇರಿಯ ಆಚೆ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಭರಮಪ್ಪ ಅಲ್ಲಿ ಕುರಿಗಳನ್ನು ನೋಡಿಕೊಳ್ಳುತ್ತಿದ್ದ. ಹಾವೇರಿ ಕಡೆಯ ಕುರುಬರವನು. ಹೆಂಡತಿ ಹಾಲವ್ವನ ಜೊತೆ ಬಾಪೂಜಿ ನಗರದ ಒಂದು ಕೋಣೆಯಲ್ಲಿದ್ದ. ಅವನಿಗೆ ಅವಳು, ಅವಳಿಗೆ ಅವನು, ಅಷ್ಟೇ. ನಾವು ಕುರಿಗಳಿಗೆ ನಂಬರ್ ಕೊಟ್ಟರೆ ಅವನು ಹೆಸರಿಡುತ್ತಿದ್ದ. ಎಲ್ಲಕ್ಕಿಂತ ಮುದಿಯಾದದ್ದು ಹಿರೇವ್ವ.

ನಮ್ಮ ಮುಖ್ಯಸ್ಥರು ಡಾಕ್ಟರ್ ವಿಶ್ವಾರಾಧ್ಯ. ಜೀವಕೋಶದ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿರುತ್ತದೆ. ಕೋಶ ಒಡೆದು ಎರಡಾದಾಗಲೆಲ್ಲ ಅದು ಕಂಬಳಿಯ ಅಂಚಿನಂತೆ ಸವೆಯುತ್ತದೆ. ಒಂದೇ ಕುರಿಯ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣದ ಟೆಲೊಮಿಯರ್ ಹೆಚ್ಚು ಸವೆಯುತ್ತದೆಯೋ, ಗ್ರ್ಯಾನ್ಯುಲೋಸೈಟ್ ಎಂಬುದರದ್ದೋ? ಅದನ್ನು ಅಳೆಯುವುದೇ ನಮ್ಮ ಕೆಲಸ. ಅದಕ್ಕೆ ಎಳೆಯ ಕುರಿ, ಮುದಿ ಕುರಿ ಎಲ್ಲದರ ರಕ್ತವೂ ಆಗಾಗ ಬೇಕು. ಸೂಜಿ ಹಾಕುವುದನ್ನು ಭರಮಪ್ಪನಿಗೇ ಕಲಿಸಿದ್ದೆವು.

ಅಷ್ಟರಲ್ಲಿ ಹಾಲವ್ವ ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಆಸ್ಪತ್ರೆಯವರು ಕೈಚೆಲ್ಲಿದಾಗ ಭರಮಪ್ಪ ಹಿರೇವ್ವನ ಹಣೆಗೆ ಭಂಡಾರದ ಅರಿಸಿನ ಹಚ್ಚಿ ಅವಳ ಹೆಸರಲ್ಲಿ ಬೀರಪ್ಪ ದೇವರಿಗೆ ಹರಕೆ ಬಿಟ್ಟ. ಕುರಿ ತನ್ನದಲ್ಲ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಮೇಯಿಸಿದವನೇ ಯಜಮಾನ ಎಂದುಕೊಂಡಿದ್ದ. ಹಾಗೆ ಬಿಟ್ಟ ಕುರಿಯ ಮೈಯಿಂದ ಹನಿ ರಕ್ತವೂ ಬೀಳಕೂಡದು ಎಂಬುದು ಅವರ ಮನೆತನದ ನಂಬಿಕೆ. ಬಿದ್ದರೆ, ಯಾರಿಗಾಗಿ ಬಿಟ್ಟರೋ ಅವರ ಜೀವ ಹೋಗುತ್ತದೆ. ಹಾಲವ್ವ ಚೇತರಿಸಿಕೊಂಡಳು. ಅಂದಿನಿಂದ ಅವನು ಎಳೆಯ ಕುರಿಯೊಂದರ ರಕ್ತವನ್ನು ಎರಡು ನಳಿಗೆಗೆ ತುಂಬಿ, ಒಂದಕ್ಕೆ ಹಿರೇವ್ವನ ಚೀಟಿ ಅಂಟಿಸತೊಡಗಿದ.

ಫಲಿತಾಂಶ ನೋಡಿ ವಿಶ್ವಾರಾಧ್ಯರು ಕುಣಿದಾಡಿದರು. ನಳಿಗೆ ಅದಲುಬದಲಾಯಿತೇ ಎಂದು ಮೊದಲು ಅನುಮಾನಪಡಬೇಕಾದ ಮನುಷ್ಯ! ಹೆಸರಿನ ಆಸೆ ಕಣ್ಣು ಕಟ್ಟಿತ್ತು.

"ಈ ಕುರಿಗೆ ವಯಸ್ಸೇ ಆಗ್ತಿಲ್ಲ ಕಣಮ್ಮ! ಮೂಳೆಮಜ್ಜೆ, ಗುಲ್ಮ ಎಲ್ಲಾ ನೋಡ್ಬೇಕು. ಮುಂದಿನ ವಾರ ಕೊಯ್ದುಬಿಡೋಣ."

ಸುದ್ದಿ ಕೇಳಿ ಭರಮಪ್ಪ ನನ್ನ ಹತ್ತಿರ ಓಡಿ ಬಂದ. "ಅಕ್ಕಾರ, ಅದಕ್ಕ ನಾ ಸೂಜಿನ ಹಾಕಿಲ್ರಿ. ಬ್ಯಾರೆ ಕುರಿದು ತುಂಬೇನಿ. ಹಾಲವ್ವನ ಜೀವ ಅದರ ಮ್ಯಾಲೆ ಐತ್ರಿ."

ಬಾಯಿಗೆ ಬಂದಂತೆ ಬೈದೆ. ಬೈದು ವಿಶ್ವಾರಾಧ್ಯರ ಮುಂದೆ ನಿಲ್ಲಿಸಿದೆ. ಅವರು ನಂಬಲಿಲ್ಲ.

"ಕುರಿ ಉಳಿಸೋಕೆ ಸುಳ್ಳು ಹೇಳ್ತಿದೀಯ. ನಿಜ ಆದ್ರೆ ಈಗ ನನ್ನೆದುರಿಗೇ ರಕ್ತ ತೆಗಿ. ಇಲ್ಲಾಂದ್ರೆ ಕೊಯ್ಯೋದೇ."

ಸೂಜಿಯಾದರೆ ಒಂದಿಷ್ಟು ರಕ್ತ, ಕತ್ತಿಯಾದರೆ ಅಷ್ಟೂ. ಭರಮಪ್ಪ ಬಹಳ ಹೊತ್ತು ಹಿರೇವ್ವನ ಕತ್ತು ತಬ್ಬಿಕೊಂಡು ನಿಂತಿದ್ದ. "ತಪ್ಪಾತೋ ಯಪ್ಪಾ, ಹೊಟ್ಟ್ಯಾಗ ಹಾಕ್ಕೋ," ಎಂದು ಅಳುತ್ತಲೇ ಚುಚ್ಚಿದ. ನನಗೂ ಅಳು ಬಂತು.

ಪರೀಕ್ಷೆ ಮಾಡಿದವಳು ನಾನೇ. ಲಿಂಫೋಸೈಟ್‌ಗಳಲ್ಲಿ ತುದಿ ತೀರ ಸವೆದಿತ್ತು, ಗ್ರ್ಯಾನ್ಯುಲೋಸೈಟ್‌ಗಳಲ್ಲಿ ಅಷ್ಟಿಲ್ಲ. ನಾವು ಹುಡುಕುತ್ತಿದ್ದ ವ್ಯತ್ಯಾಸ ಕಣ್ಣೆದುರಿಗೇ ಇತ್ತು, ಆದರೆ ಅದು ಯಾರಿಗೂ ಬೇಕಿರಲಿಲ್ಲ. ಒಂದು ನಳಿಗೆ ಸುಳ್ಳಾದ ಮೇಲೆ ಯಾವ ನಳಿಗೆಯನ್ನು ನಂಬುವುದು? ಸಂಶೋಧನೆ ನಿಂತಿತು, ಭರಮಪ್ಪನ ಕೆಲಸ ಹೋಯಿತು. ಪ್ರಯೋಗದ ಪ್ರಾಣಿಗಳನ್ನು ಹೊರಗೆ ಬಿಡುವ ನಿಯಮ ನಮ್ಮಲ್ಲಿರಲಿಲ್ಲ. ಕುರಿಗಳನ್ನೆಲ್ಲ ಮದ್ದು ಚುಚ್ಚಿ ಮುಗಿಸಿದರು. ಹಿರೇವ್ವ ಬೇರೆ ಯಾರ ಕೈಗೂ ನಿಲ್ಲದ ಕಾರಣ ಭರಮಪ್ಪನನ್ನೇ ಕರೆಸಿ ಹಿಡಿಸಿದರು.

ಮರುತಿಂಗಳು ಅವನ ಕೋಣೆಗೆ ಹೋಗಿದ್ದೆ. ಹಾಲವ್ವ ಗುಂಡುಕಲ್ಲಿನಂತಿದ್ದಳು. ಕೆಲಸ ಹೋದದ್ದಷ್ಟೇ ಅವಳಿಗೆ ಗೊತ್ತಿತ್ತು. "ಹಿರೇವ್ವ ಹೆಂಗದಾಳ್ರೀ ಅಕ್ಕಾರ? ಆಕಿ ಇರೂತನಕ ನನಗೇನೂ ಆಗಂಗಿಲ್ಲ," ಎಂದು ನಗುತ್ತ ಒಗ್ಗರಣೆ ಹಾಕಿದಳು. "ಚೆನ್ನಾಗಿದೆ," ಎಂದೆ.

ಮೆಣಸಿನಕಾಯಿಯ ಘಾಟಿಗೆ ಅವಳು ಒಮ್ಮೆ ಕೆಮ್ಮಿದಳು. ಭರಮಪ್ಪ ಚಹಾದ ಲೋಟ ಕೆಳಗಿಟ್ಟು, ಎದ್ದು ನಿಂತುಬಿಟ್ಟ.