ಹಂಗಾಮು ಮುಗಿದರೂ ಹೋಗದ ಕೆಮ್ಮು

ಕೆಮ್ಮಿನ ವಿಷಯದಲ್ಲಿ ಉಚ್ಚಮ್ಮನ ಮುಂದೆ ಯಾರೂ ಬಾಲ ಬಿಚ್ಚುವಂತಿಲ್ಲ. ಆದೋನಿಯ ಹತ್ತಿ ಮಿಲ್ಲಿನಲ್ಲಿ ಧೂಳು ಕುಡಿದೇ ತಲೆ ನರೆತವಳು. ದಿನದ ಕೆಲಸ ಮುಗಿದೊಡನೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವುದು ಅಲ್ಲಿನವರ ರೂಢಿ. ಯಾರು ಕೆಮ್ಮಿದರೂ "ಹತ್ತಿ ಕೆಮ್ಮು, ಬೆಲ್ಲ ತಿನ್ನು" ಅನ್ನುವುದೂ ರೂಢಿಯೇ. ಈ ಹಾಳು ರೂಢಿ ಅವಳ ತಮ್ಮ ಮಾರೆಪ್ಪನನ್ನೇ ನುಂಗಲು ಹೊರಟಿತ್ತು.

ಅದೇ ಮಿಲ್ಲಿನಲ್ಲಿ ಮೂಟೆ ಹೊರುವ ಮಾರೆಪ್ಪ ಸಂಕ್ರಾಂತಿಯಿಂದ ಕೆಮ್ಮುತ್ತಿದ್ದ. ಯುಗಾದಿ ಕಳೆದು, ಹತ್ತಿ ಬರುವುದು ನಿಂತು, ಮಿಲ್ಲಿಗೆ ಬೀಗ ಬಿತ್ತು. ಉಳಿದವರ ಕೆಮ್ಮು ಹೋಯಿತು, ಅವನದು ಹೋಗಲಿಲ್ಲ. ಸಂಜೆಯಾದರೆ ಮೈ ಬಿಸಿ, ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದ.

"ಹತ್ತಿ ಕೆಮ್ಮಕ್ಕಾ, ತಾನಾ ಹೋಗ್ತೈತಿ."

"ಹತ್ತೀನಾ ಇಲ್ಲ, ಹತ್ತಿ ಕೆಮ್ಮು ಎಲ್ಲಿಂದ ಬಂತೋ? ಯಾರ ಕಿವ್ಯಾಗ ಹೂವಿಡ್ತಿ? ನಡಿ ಆಸ್ಪತ್ರಿಗೆ!"

ಅವನು ಅತ್ತೇಬಿಟ್ಟ. ಮಗಳು ಶಿರೀಷಾಗೆ ಆಲೂರಿನ ಸಂಬಂಧ ಗಟ್ಟಿಯಾಗುವುದರಲ್ಲಿತ್ತು. ದೊಡ್ಡ ರೋಗವೆಂದು ಗೊತ್ತಾದರೆ ಅದು ಮುರಿದುಬೀಳುತ್ತದೆಂಬ ಹೆದರಿಕೆ. ಉಚ್ಚಮ್ಮ ಅವನ ಕಣ್ಣೊರೆಸಿದಳು. ಆದರೂ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಕಫ ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂತು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಮನೆಯವರನ್ನೂ ಪರೀಕ್ಷಿಸಿದರು, ಯಾರಿಗೂ ಇರಲಿಲ್ಲ.

ಹುಡುಗನ ತಾಯಿ ವೀರಬಸಮ್ಮ ಮಾತುಕತೆಗೆ ಬರುವ ಹೊತ್ತಿಗೆ ಮಾರೆಪ್ಪ ಮಾತ್ರೆ ಶುರು ಮಾಡಿ ತಿಂಗಳ ಮೇಲಾಗಿತ್ತು. ಮೈಗೆ ಕಸುವು ಬಂದಿತ್ತು. ಆದರೆ ಚಾ ಕೊಡುವಾಗಲೇ ಕೆಮ್ಮು ಒತ್ತರಿಸಿಕೊಂಡು ಬಂತು. "ಹತ್ತಿ ಧೂಳು..." ಎಂದು ರಾಗ ಎಳೆದ.

"ಸುಳ್ಳ್ಯಾಕೋ?" ಉಚ್ಚಮ್ಮ ಅಡ್ಡ ಬಂದಳು. "ಟಿ.ಬಿ. ಐತಿರಿ ನನ್ನ ತಮ್ಮಗ. ಮಾತ್ರಿ ನುಂಗಾಕತ್ತಾನ, ಇನ್ನ ಯಾರಿಗೂ ಅಂಟಂಗಿಲ್ಲಂತ ಡಾಕ್ಟರು ಹೇಳ್ಯಾರ. ಹುಡುಗಿ ಆರಾಮ ಅದಾಳ. ಒಪ್ಪಿದ್ರ ಒಪ್ರಿ, ಬಿಟ್ರ ಬಿಡ್ರಿ. ಮುಚ್ಚಿಟ್ಟು ಹೆಣ್ಣು ಕೊಡಾಕಿ ನಾನಲ್ಲ."

ವೀರಬಸಮ್ಮ ಚಾ ಲೋಟ ಕೆಳಗಿಟ್ಟಳು.

"ನಮ್ಮ ಯಜಮಾನ್ರೂ ದೀಪಾವಳಿಯಿಂದ ಕೆಮ್ಮಾಕತ್ತಾರ ಯಕ್ಕಾ," ಎಂದಳು. "ಕುರಿಹಟ್ಟಿ ಧೂಳಂತ ಎಲ್ಲಾರಿಗೂ ಹೇಳ್ಕೋತ ಬಂದೀವಿ. ಮಗನ ಮದುವಿ ಆಗೋತನಕ ಬಾಯಿ ಬಿಡಬ್ಯಾಡ ಅಂದಾರ. ನಾಳಿ ನೀವು ಬಂದು ಅವ್ರಿಗೆ ಒಂದು ಮಾತು ಹೇಳ್ತೀರೇನ್ರಿ?"

"ನಾಳಿ ಯಾಕ?" ಉಚ್ಚಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು. "ನಡೀರಿ, ನಮ್ಮ ಬೀಗರನ್ನ ಈಗಾ ಆಸ್ಪತ್ರಿಗೆ ಕರಕೊಂಡು ಹೋಗೋಣು."

ಬೀಗರು ಎಂದದ್ದಕ್ಕೆ ವೀರಬಸಮ್ಮ ಬೇಡವೆನ್ನಲಿಲ್ಲ.