ರೇಖಾಳಿಗೆ ನಾನು ಹೇಳಿದ ಸಂಬಳ

ನಾನು ರೇಖಾಳಿಗೆ ಸುಳ್ಳು ಹೇಳಿದೆ. ತಂದೆಯ ಮನೆಯನ್ನು ಬ್ಯಾಂಕಿಗೆ ಒತ್ತೆಯಿಡಿಸಬೇಕೋ ಬೇಡವೋ ಎಂದು ಅವಳು ನನ್ನನ್ನು ನಂಬಿ ಕೇಳಿದಾಗ, ನನ್ನ ಕೆಲಸದ ಬಗ್ಗೆ, ನನ್ನ ಸಂಬಳದ ಬಗ್ಗೆ — ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದೆ.

೨೦೧೬ರ ಬೇಸಿಗೆ. ರೇಖಾ ಧಾರವಾಡದಲ್ಲಿ ನನ್ನ ತವರಿನ ಓಣಿಯ ಹುಡುಗಿ. ಅವಳ ತಂದೆ ಬಸವರಾಜಪ್ಪ ಬಸ್ ಡ್ರೈವರ್ ಆಗಿ ನಿವೃತ್ತರಾದವರು. ನಾನು ನೆಲೆಸಿರುವ ಈ ಪರದೇಶದ ಕಾಲೇಜಿನಲ್ಲಿ ಓದಲು ಬಂದ ರೇಖಾ ಎರಿನ್ ಮಿಲ್ಸ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇದ್ದಳು. ಬಂದದ್ದು ವೃದ್ಧರ ಆರೈಕೆಯ ಒಂದು ವರ್ಷದ ಕೋರ್ಸಿಗೆ. ಅದರ ಫೀಸಿಗೆ ತಂದೆಯ ಉಳಿತಾಯ ಸಾಕಾಗಿತ್ತು, ಮುಗಿಸಿದವರಿಗೆ ಕೆಲಸವೂ ಸಿಗುತ್ತಿತ್ತು. ಆದರೆ ಫಿಸಿಯೋಥೆರಪಿ ಅಸಿಸ್ಟೆಂಟ್ ಆಗುವ ಎರಡು ವರ್ಷದ ಡಿಪ್ಲೊಮಾಕ್ಕೆ ಬದಲಾಯಿಸಿಕೊಳ್ಳಬಹುದು ಎಂದು ಕಾಲೇಜಿನವರು ಹೇಳಿದ್ದರು. ಹಾಗೆ ಮಾಡಿದರೆ ಮನೆಯ ಮೇಲೆ ಸಾಲ ತೆಗೆಯಲೇಬೇಕು.

ಅದೇ ಡಿಪ್ಲೊಮಾ ಮಾಡಿದವಳು ನಾನು. ಮಗಳು ಕ್ಲಿನಿಕ್ಕಿನಲ್ಲಿದ್ದಾಳೆ ಎಂದು ನನ್ನ ತಾಯಿ ಇಡೀ ಓಣಿಗೆ ಹೇಳಿಕೊಂಡು ಬಂದಿದ್ದಳು. ನಿಜವೇ — ವಾರಕ್ಕೆ ಎರಡು ದಿನ. ನೋಯುವ ಮೊಣಕಾಲುಗಳಿಗೆ ಬಿಸಿ ಶಾಖ ಕೊಟ್ಟು, ಹಾಸಿಗೆ ಒರೆಸಿ ಬರುತ್ತಿದ್ದೆ. ಉಳಿದ ದಿನ ಥಾರ್ನ್‌ಹಿಲ್ ಕಡೆಯ ಒಂದು ಬೇಕರಿ ಫ್ಯಾಕ್ಟರಿಯಲ್ಲಿ, ತಲೆಗೆ ಬಲೆ ಹಾಕಿಕೊಂಡು, ಮಫಿನ್ ಪ್ಯಾಕ್ ಮಾಡುತ್ತಿದ್ದೆ. ಅಂಥ ಕೆಲಸ ಮನೆಯ ಹತ್ತಿರವೂ ಇತ್ತು. ಅಷ್ಟು ದೂರ ಬಸ್ಸು ಬದಲಾಯಿಸಿ ಹೋಗುತ್ತಿದ್ದದ್ದು ನಮ್ಮವರು ಯಾರೂ ನೋಡದಿರಲಿ ಎಂದು. ಓದಿನ ಸಾಲ ನನಗೂ ಇನ್ನೂ ತೀರಿರಲಿಲ್ಲ. ನನ್ನ ಗಂಡನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಮೂವರೂ ಊಟಕ್ಕೆ ಕೂತಿದ್ದಾಗ ರೇಖಾ ಕೇಳಿದಳು.

"ಅಕ್ಕಾ, ಖರೇ ಹೇಳ್ರಿ. ಈ ಕೋರ್ಸ್ ಮಾಡಿದ್ರ ಫುಲ್‌ಟೈಮ್ ಸಿಗತದೇನ್ರಿ? ನಿಮಗ ಬರೋ ಪಗಾರದಾಗ ಲೋನ್ ತೀರತದ?"

ಆಗ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಆದರೆ ಈ ಹುಡುಗಿ ಸಂಜೆಗೆ ಮನೆಗೆ ಫೋನು ಮಾಡುತ್ತಾಳೆ, ನಾಳೆ ಬೆಳಗಾದರೆ ನಳದ ಹತ್ತಿರ ನನ್ನ ತಾಯಿಯನ್ನು ನಿಲ್ಲಿಸಿ ಕೇಳುತ್ತಾರೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ತೀರತದ, ಯಾಕ ತೀರೂದಿಲ್ಲ? ನನ್ನ ನೋಡು. ಫುಲ್‌ಟೈಮ್ ಅದ, ಬೆನಿಫಿಟ್ಸ್ ಅದಾವ," ಎಂದೆ. ಸಂಬಳ ಎಷ್ಟೆಂದೂ ಹೇಳಿದೆ. ಅದು ಕ್ಲಿನಿಕ್ಕಿನಲ್ಲಿ ನನ್ನ ಮೇಲಿದ್ದ ಫಿಸಿಯೋಥೆರಪಿಸ್ಟ್‌ನ ಸಂಬಳ.

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ರೇಖಾ ಕೋರ್ಸು ಬದಲಾಯಿಸಿದಳು. ಧಾರವಾಡದ ಮನೆಯ ಪತ್ರಗಳು ಬ್ಯಾಂಕಿಗೆ ಹೋದವು. ಕಂತು ಕಟ್ಟಲು ಬಸವರಾಜಪ್ಪ ಮತ್ತೆ ಸ್ಟೇರಿಂಗ್ ಹಿಡಿದರು, ಶಾಲೆಯ ವ್ಯಾನಿನದು.

೨೦೧೮ರಲ್ಲಿ ಅವಳು ಒಳ್ಳೆಯ ಅಂಕ ತೆಗೆದು ಪಾಸಾದಳು. ಕ್ಲಿನಿಕ್ಕುಗಳು ಕರೆದವು — ವಾರಕ್ಕೆ ಕೆಲವೇ ಗಂಟೆಗಳಿಗೆ. ನನಗಾದದ್ದೇ ಅವಳಿಗೂ ಆಯಿತು. ಕೊನೆಗೆ ಬರ್ಲಿಂಗ್ಟನ್ನಿನ ಒಂದು ಗೋದಾಮಿನಲ್ಲಿ ಕೆಲಸ ಹಿಡಿದು ಅಲ್ಲೇ ರೂಮು ಮಾಡಿದಳು. ನಮ್ಮ ಮನೆ ಬಿಡುವ ದಿನ ಸೂಟ್‌ಕೇಸು ಹಿಡಿದು ನಿಂತು ಹೇಳಿದಳು: "ನಿಮಗ ಸಿಕ್ಕದ, ನನಗ ಸಿಗವಲ್ದು. ನನ್ನೊಳಗ ಏನೋ ಕಮ್ಮಿ ಅದ ಅಕ್ಕಾ."

ಆಗಲೂ ನಾನು — ಸುಮ್ಮನಿದ್ದೆ. ಚಪಾತಿಯ ಡಬ್ಬಿ ಅವಳ ಕೈಗಿಟ್ಟು ಬಾಗಿಲು ಹಾಕಿಕೊಂಡೆ. ಮೊದಲ ಸುಳ್ಳನ್ನು ಅವಸರದಲ್ಲಿ ಹೇಳಿದ್ದೆ ಎನ್ನಬಹುದೇನೋ. ಈ ಮೌನಕ್ಕೆ ಏನೆನ್ನಲಿ?

ಮರುವರ್ಷ ತಾಯಿ ಫೋನಿನಲ್ಲಿ ಹೇಳಿದಳು — ಬಸವರಾಜಪ್ಪ ಮಗಳ ಜೊತೆ ಮಾತು ಬಿಟ್ಟಿದ್ದಾರೆ. "ನಿಮ್ಮಾಕಿ ಹೆಂಗ ದುಡೀತಾಳ ನೋಡ್ರಿ, ನಮ್ಮಾಕಿ ಮೈಗಳ್ಳಿ ಅಂತ ನನ್ನ ಮುಂದ ಅಂದ್ರವಾ," ಎಂದಳು. ಅವಳ ದನಿಯಲ್ಲಿ ಮರುಕವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಆ ಹೆಮ್ಮೆಯನ್ನು ಕೇಳಲು ನನ್ನಿಂದ ಆಗಲಿಲ್ಲ.

ಬರ್ಲಿಂಗ್ಟನ್ನಿಗೆ ಹೋದೆ. ಊಟದ ಬಿಡುವಿನಲ್ಲಿ, ಗೋದಾಮಿನ ಪಾರ್ಕಿಂಗ್ ಲಾಟಿನಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ರೇಖಾ ಬೈಯಲಿಲ್ಲ, ಅಳಲೂ ಇಲ್ಲ. "ನನಗ ಹೇಳಿ ಏನ್ ಮಾಡ್ತೀರಿ? ಅಪ್ಪಾಗ ಹೇಳ್ರಿ," ಎಂದು ಒಳಗೆ ಹೋದಳು. ಅಂದಿನಿಂದ ಇಂದಿನವರೆಗೆ ನಮ್ಮ ನಡುವೆ ಮಾತಿಲ್ಲ.

ಮರುದಿನ ಬೆಳಿಗ್ಗೆ ಧಾರವಾಡಕ್ಕೆ, ಬಸವರಾಜಪ್ಪನವರಿಗೆ ಫೋನು ಮಾಡಿದೆ. ಬೇಕರಿಯ ಕೆಲಸ, ಎರಡು ದಿನದ ಕ್ಲಿನಿಕ್ಕು, ನನ್ನದಲ್ಲದ ಸಂಬಳ — ಒಂದನ್ನೂ ಬಿಡದೆ ಹೇಳಿದೆ.

"ನಾ ಆಕಿಗೆ ಮೈಗಳ್ಳಿ ಅಂದೆ," ಎಂದರು ಬಸವರಾಜಪ್ಪ. "ಬಾಳ ಸಲ ಅಂದೀನಿ."

"ನನ್ನಿಂದ ತಪ್ಪಾತ್ರಿ ಕಾಕಾ. ನಾನು —"

"ನಿಂದು ಆಮ್ಯಾಲೆ. ಈಗ ಫೋನ್ ಇಡವಾ," ಎಂದರು. "ಮಗಳಿಗೆ ಮಾಡಬೇಕು."